ದೊಡ್ಡವರು ಕೊನೆಗೇ ಹಾಡುತ್ತಾರೆ

ಕುಬಿಹಾಳದ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಬಿಸಿಯೂಟದ ಸಾರಿನ ವಾಸನೆ ಇನ್ನೂ ಆಡುತ್ತಿರುವಾಗಲೇ, ವಿಜ್ಞಾನ ಕಲಿಸುವ ಶೈಲಶ್ರೀ ಎದ್ದು ನಿಂತು ಒಂದು ಭೀಕರ ಪ್ರತಿಜ್ಞೆ ಮಾಡಿದಳು.

"ಈ ಶನಿವಾರ ನಾ ಬೆಂಗಳೂರಿಗೆ ಹೊಂಟೀನಿ. ಒಬ್ಬಾಕೀನ. ಅಗದಿ ಮುಂದ ನಿಂತು ಹಾಡು ಕೇಳ್ತೀನಿ. ಮೈಕಿನಾಗ ನನ್ನ ಹೆಸರು ಕೂಗ್ತಾರ. ಇದು ಆಗಲಿಲ್ಲಂದ್ರ ನನ್ನ ಹೆಸರು ಶೈಲಶ್ರೀನ ಅಲ್ಲ."

ಎದುರಿಗೆ ಕೂತಿದ್ದ ಹಿಂದಿಯ ರಜಿಯಾಬೇಗಂ ಟೀಚರು ಡಬ್ಬಿಯ ಮುಚ್ಚಳ ಹಾಕುತ್ತ, "ವಿಚಾರ ಮಾಡಿ ಮಾತಾಡ್ರಿ ಟೀಚರ್. ಹೆಸರು ಬದಲಿ ಮಾಡಸೂದಂದ್ರ ಸಸಾರ ಅಲ್ಲ. ಆಧಾರ್ ಕಾರ್ಡಿನಾಗ ನನ್ನ ಒಂದ ಅಕ್ಷರ ತಿದ್ದಸಾಕ ನಾ ಹುಬ್ಬಳ್ಳಿಗೆ ಎಷ್ಟ ಸಲ ಅಡ್ಡಾಡೀನಿ" ಅಂದರು.

ಹಾಡುವವರು ಯಾರು? 'ಮೂರನೇ ಚಪ್ಪಲಿ'. ಬೆಂಗಳೂರಿನ ನಾಲ್ಕು ಹುಡುಗ ಹುಡುಗಿಯರು ಸೇರಿ ಕಟ್ಟಿಕೊಂಡ ಬ್ಯಾಂಡು. ಅವರು ಸಿನಿಮಾಕ್ಕೆ ಹಾಡುವುದಿಲ್ಲ, ಟಿವಿಯಲ್ಲಿ ಬರುವುದಿಲ್ಲ, ಯಾವ ಕಂಪನಿಯ ಹಂಗಿನಲ್ಲೂ ಇಲ್ಲ. ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡಿ ಇಂಟರ್ನೆಟ್ಟಿಗೆ ಬಿಡುತ್ತಾರೆ. ಕೇಳುವುದಕ್ಕೆ ಮಾತ್ರ ಬೇರೆಯವರು ಬೇಕಲ್ಲ, ಆ ಜವಾಬ್ದಾರಿಯನ್ನು ಇಡೀ ಕುಂದಗೋಳ ತಾಲೂಕಿನ ಪರವಾಗಿ ಶೈಲಶ್ರೀ ಒಬ್ಬಳೇ ಹೊತ್ತುಕೊಂಡಿದ್ದಳು.

ದಿನಾ ಮುಂಜಾನೆ ಕುಂದಗೋಳದಿಂದ ಕುಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬಾಜು ಕೂತು, ಸೆರಗಿನೊಳಗಿಂದ ಇಯರ್ ಫೋನಿನ ವೈರು ಏರಿಸಿಕೊಂಡು, ಅವಳು ಅವರ 'ತಪ್ಪಿದ ಬಸ್ಸು' ಹಾಡು ಕೇಳುತ್ತಿದ್ದಳು. ಬಸ್ಸು ತಪ್ಪಿಸಿಕೊಂಡ ಹೆಂಗಸೊಬ್ಬಳು ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತು ತನ್ನ ಜೊತೆ ತಾನೇ ಮಾತಾಡಿಕೊಳ್ಳುವ ಹಾಡು. ಮನೆಯಲ್ಲಿ ಅವಳು ಹೇಮಂತನ ಹೆಂಡತಿ, ಓಣಿಯಲ್ಲಿ ಶಿವಗಂಗವ್ವನ ಸೊಸೆ, ಶಾಲೆಯಲ್ಲಿ ಬರೀ ಟೀಚರು. ಆ ಬಸ್ಸಿನೊಳಗೆ, ಆ ಹಾಡಿನೊಳಗೆ ಮಾತ್ರ ಅವಳು ಶೈಲಶ್ರೀ. ಒಂದು ದಿನ ಧೈರ್ಯ ಮಾಡಿ ಬ್ಯಾಂಡಿನವರಿಗೆ ಇದನ್ನೆಲ್ಲ ಬರೆದು ಮೆಸೇಜು ಕಳಿಸಿದರೆ, ಹಾಡುವ ಹುಡುಗಿ ಸೀಮಾ ತಾನೇ ಉತ್ತರ ಕೊಟ್ಟಿದ್ದಳು: "ಅಕ್ಕಾ, ಕುಂದಗೋಳದಿಂದ ನಮ್ಮನ್ನ ಕೇಳೋಕೆ ಬರ್ತೀರಾ? ಹಾಗಾದ್ರೆ ಸ್ಟೇಜ್ ಮೇಲಿಂದ ನಿಮ್ಮ ಹೆಸರು ಹೇಳಿ ನಿಮಗೇ ಅಂತ 'ತಪ್ಪಿದ ಬಸ್ಸು' ಹಾಡ್ತೀವಿ. ಪ್ಲೀಸ್ ಬೇಗ ಬನ್ನಿ."

ಕೊನೆಯ ಆ ಎರಡು ಶಬ್ದಗಳನ್ನು ಶೈಲಶ್ರೀ ಉಪಚಾರದ ಮಾತೆಂದು ತಿಳಿದಳು. ಮದುವೆಗೆ ಕರೆಯುವವರೂ ಬೇಗ ಬರ್ರಿ ಅನ್ನುತ್ತಾರೆ. ಯಾರು ಹೋಗುತ್ತಾರೆ?

ಒಬ್ಬಳೇ ಹೋಗುವ ಪ್ರತಿಜ್ಞೆ ಅದೇ ದಿನ ಸಂಜೆ ಚಹಾದ ಹೊತ್ತಿಗೆ ಮುರಿದುಬಿತ್ತು.

"ಬೆಂಗಳೂರಿಗೆ ಒಬ್ಬಾಕೀನ ಹೋಗ್ತಿ?" ಅಂದ ಹೇಮಂತ. ಅವನದು ಬಸ್ ಸ್ಟ್ಯಾಂಡಿನ ಹತ್ತಿರ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿನ ಹೊರತು ಜಗತ್ತಿನ ಯಾವುದರ ಮೇಲೂ ಅವನಿಗೆ ಅಷ್ಟಾಗಿ ಆಸಕ್ತಿಯಿಲ್ಲ. "ನಾನೂ ಬರ್ತೀನಿ. ಅಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇರ್ತಾವಂತ, ನೋಡಿದಂಗೂ ಆಗ್ತೈತಿ."

"ಹಾಡು ಕೇಳಾಕ ಹೊಂಟೀನ್ರಿ ನಾ. ಸ್ಪೀಕರ್ ನೋಡಾಕಲ್ಲ."

"ನೀ ಹಾಡು ಕೇಳು. ನಾ ಸ್ಪೀಕರ್ ನೋಡ್ತೀನಿ. ಜಗಳ ಎಲ್ಲಿ ಬಂತು?"

ಜಗಳ ಒಳಗಿನ ಕೋಣೆಯಿಂದ ಬಂತು. ಅಲ್ಲಿ ಜಪಮಾಲೆ ಹಿಡಿದು ಕೂತಿದ್ದ ಅತ್ತೆ ಶಿವಗಂಗವ್ವ, ಶಿವನಾಮವನ್ನು ಅರ್ಧಕ್ಕೆ ನಿಲ್ಲಿಸಿ, "ಗಾಯನ ಐತೇನು? ನಾನೂ ಬರ್ತೀನಿ" ಅಂದರು.

ಇನ್ನು ಮುಗಿಯಿತು. ಸಂಗೀತಕ್ಕೇ ಹೆಸರಾದ ಕುಂದಗೋಳದಲ್ಲಿ ಗಾಯನಕ್ಕೆ ಬರುತ್ತೇನೆ ಅಂದವರನ್ನು ಬೇಡ ಅನ್ನುವುದು, ಬಾಯಾರಿ ಬಂದವರಿಗೆ ನೀರಿಲ್ಲ ಅಂದಂತೆ. ಶೈಲಶ್ರೀ ಹಲ್ಲು ಕಚ್ಚಿಕೊಂಡು ಇನ್ನೆರಡು ಟಿಕೇಟು ತೆಗೆದಳು. ಕೇಳಿದ ಕೂಡಲೇ ಸಿಕ್ಕವು. ಇಂಥ ಮಹಾನ್ ಬ್ಯಾಂಡಿನ ಟಿಕೇಟು ಇಷ್ಟು ಸಲೀಸಾಗಿ ಹೇಗೆ ಸಿಗುತ್ತವೆ ಎಂದು ಅವಳು ಒಂದು ಗಳಿಗೆಯಾದರೂ ವಿಚಾರ ಮಾಡಬೇಕಿತ್ತು. ಮಾಡಲಿಲ್ಲ.

ಇಲ್ಲಿ ಒಂದು ಹಳೆಯ ಗಾಯವನ್ನು ಹೇಳಲೇಬೇಕು. ಶೈಲಶ್ರೀ ಹುಟ್ಟಿದ್ದು ಗಾಯನದ ರೂಢಿಯಿಲ್ಲದ ದುಮ್ಮವಾಡದಲ್ಲಿ. ಮದುವೆಯಾದ ಹೊಸತರಲ್ಲಿ ಗಂಡನ ಮನೆಯವರು ಅವಳನ್ನು ರಾತ್ರಿಯಿಡೀ ನಡೆಯುವ ಸಂಗೀತಕ್ಕೆ ಕರೆದುಕೊಂಡು ಹೋದರು. ಹೊಸ ಸೊಸೆ ಉಮೇದಿನಲ್ಲಿ ಮೊದಲು ಬಂದ ಮರಿ ಗಾಯಕರಿಗೆಲ್ಲ ತಲೆದೂಗಿ, ಕೈ ಎತ್ತಿ, ವ್ಹಾ ವ್ಹಾ ಅಂದು ತನ್ನ ಬಂಡವಾಳವನ್ನೆಲ್ಲ ಖರ್ಚು ಮಾಡಿಬಿಟ್ಟಳು. ಬೆಳಕು ಹರಿಯುವ ಹೊತ್ತಿಗೆ, ಇಡೀ ಊರು ಕಾದು ಕೂತಿದ್ದ ದೊಡ್ಡ ಗಾಯಕರು ಬಂದು ಕೂತಾಗ, ಅವಳು ಅತ್ತೆಯ ತಲೆದಿಂಬಿನ ಮೇಲೆ ಬಾಯಿ ತೆರೆದು ಮಲಗಿದ್ದಳು. ಗೊರಕೆಯೂ ಇತ್ತಂತೆ. "ಒಂದ ಸಮಾಧಾನ ಏನಂದ್ರ, ಗೊರಕಿ ತಂಬೂರಿ ಸುರಕ್ಕ ಹೊಂದಿತ್ತು" ಎಂದು ಶಿವಗಂಗವ್ವ ಬೀಗರು ನೆಂಟರು ಬಂದಾಗಲೆಲ್ಲ ಇವತ್ತಿಗೂ ಹೇಳುತ್ತಾರೆ.

ಅಂದಿನಿಂದ ಶೈಲಶ್ರೀಯ ತಲೆಯಲ್ಲಿ ಒಂದು ಶಾಸನ ಕೆತ್ತಿ ಕೂತಿದೆ: ದೊಡ್ಡವರು ಕೊನೆಗೇ ಹಾಡುತ್ತಾರೆ. ಮೊದಲು ಬರುವವರೆಲ್ಲ ಸಣ್ಣವರು, ಅವರಿಗೆ ಮೈಮರೆತರೆ ದೊಡ್ಡವರಿಗೆ ಎಚ್ಚರ ಉಳಿಯುವುದಿಲ್ಲ.

ಕಾರ್ಯಕ್ರಮದ ಪೋಸ್ಟರು ಫೋನಿನಲ್ಲಿ ಬಂದಾಗ ಈ ಶಾಸನ ಕೆಲಸಕ್ಕೆ ಬಂತು. ಅದರಲ್ಲಿ ಮೂರು ಬ್ಯಾಂಡಿನ ಹೆಸರು. ಎರಡು ದೊಡ್ಡ ಅಕ್ಷರದಲ್ಲಿ. ಎಲ್ಲಕ್ಕಿಂತ ಕೆಳಗೆ, ಬೆರಳಿಟ್ಟು ಹಿಗ್ಗಿಸಿ ನೋಡಿದರೆ ಮಾತ್ರ ಕಾಣುವಂತೆ, 'ಮೂರನೇ ಚಪ್ಪಲಿ'.

"ಭಾಳ ಸಣ್ಣ ಅಕ್ಷರ ಹಾಕ್ಯಾರಲ್ಲ" ಅಂದ ಹೇಮಂತ.

"ದೊಡ್ಡವರಿಗೆ ದೊಡ್ಡ ಅಕ್ಷರ ಬೇಕಾಗಂಗಿಲ್ರಿ. ಕಡೀಕ ಹೆಸರು ಐತಂದ್ರ ಕಡೀಕ ಹಾಡ್ತಾರಂತ ಅರ್ಥ. ಸಂಜಿ ಐದಕ್ಕ ಶುರುವಾದ್ರ ಇವರು ಸ್ಟೇಜ್ ಹತ್ತೂದು ಎಂಟರ ಮ್ಯಾಲ. ಇಷ್ಟೂ ತಿಳಿಯಂಗಿಲ್ಲಂದ್ರ ನೀವ್ಯಾತರ ಕುಂದಗೋಳದವರು?"

ಹೇಮಂತ ಫೋನನ್ನು ಅವಳ ಕೈಗೆ ಮರಳಿಸಿದ. ಕುಂದಗೋಳದವನಿಗೆ ದುಮ್ಮವಾಡದವಳು ಸಂಗೀತದ ಪಾಠ ಹೇಳುವ ಕಾಲ ಬಂತಲ್ಲ ಎಂದು ಬೇಸರವಾಗಿರಬೇಕು. ಅಥವಾ ಸ್ಪೀಕರಿನ ಧ್ಯಾನದಲ್ಲಿದ್ದಿರಬೇಕು.

ಶನಿವಾರ ಬೆಳಗಾಗುವ ಮೊದಲೇ ಹೊರಡಲು ಬಾಗಿಲಿಗೆ ಬಂದರೆ ಅಲ್ಲಿ ಒಂದು ಗಂಟು ಕೂತಿತ್ತು. ಜಮಖಾನೆ, ಅದರೊಳಗೆ ಕೌದಿ, ಕೌದಿಯೊಳಗೆ ತಲೆದಿಂಬು, ತಲೆದಿಂಬಿನ ಬಾಜು ಕಟಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಒಂದು ಡಬ್ಬಿ ಗಟ್ಟಿ ಮೊಸರು.

"ಅತ್ತೀ, ಇದ್ಯಾಕ್ರಿ? ಅದು ನಮ್ಮೂರ ಗಾಯನ ಅಲ್ಲ. ಅಲ್ಲಿ ಎಲ್ಲಾರೂ ನಿಂತ ಕೇಳ್ತಾರ."

"ನಿಂತ ಕೇಳ್ತಾರ?" ಶಿವಗಂಗವ್ವನ ಮುಖದಲ್ಲಿ ನಿಜವಾದ ಮರುಕ ಮೂಡಿತು. "ಪಾಪ, ಜಮಖಾನಿ ಇರಲಿಕ್ಕಿಲ್ಲ. ನಮ್ಮದ ಹಾಸಿ ಕೊಡೂಣು ತಗೋ."

ಆ ಗಂಟು ಹುಬ್ಬಳ್ಳಿಯಿಂದ ಹೊರಟ ರೈಲಿನಲ್ಲಿ ಒಂದು ಸೀಟು ಹಿಡಿಯಿತು. ಬೆಂಗಳೂರಿನ ಮೆಟ್ರೋ ಸ್ಟೇಷನ್ನಿನಲ್ಲಿ ಸಾಮಾನು ತಪಾಸಣೆಯ ಯಂತ್ರದ ಬಾಯಲ್ಲಿ ಸಿಕ್ಕಿಹಾಕಿಕೊಂಡು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಹಿಂದೆ ಸಾಲು ಬೆಳೆಯಿತು. ಹೇಮಂತ ಖುಷಿಯಿಂದ ಬಗ್ಗಿ ಯಂತ್ರದ ಬೆಲ್ಟು ಪರೀಕ್ಷೆ ಮಾಡತೊಡಗಿದ. ಸೆಕ್ಯೂರಿಟಿಯ ಹೆಂಗಸು ಗಂಟನ್ನು ಎಳೆದು ತೆಗೆದು, "ಇದರಲ್ಲಿ ಏನಮ್ಮಾ ಇದೆ?" ಅಂದಳು.

"ಎಲ್ಲಾ ಐತಿ. ನಿನಗ ಏನ ಬೇಕು?" ಅಂದರು ಶಿವಗಂಗವ್ವ. ಆ ಹೆಂಗಸಿಗೆ ಒಂದು ರೊಟ್ಟಿ, ಅದರ ಮೇಲೆ ಚಟ್ನಿ ಕೊಟ್ಟ ಮೇಲೆಯೇ ಮೆಟ್ರೋ ಹತ್ತಲು ಸಾಧ್ಯವಾಯಿತು. ಶೈಲಶ್ರೀ ಬೇರೆ ಬೋಗಿಯಲ್ಲಿ ಹತ್ತಿದಳು.

ಕಾರ್ಯಕ್ರಮ ಇದ್ದದ್ದು ಒಂದು ಹಳೆಯ ಕಾರ್ಖಾನೆಯ ಷೆಡ್ಡಿನಲ್ಲಿ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ, ಜಾಗ ಹಿಡಿಯುವ ಊರಿನ ರೂಢಿಯಂತೆ, ಮೂವರೂ ಗೇಟಿನ ಮುಂದೆ ಹಾಜರು. ಬೇರೆ ಒಂದು ನರಪಿಳ್ಳೆ ಇಲ್ಲ. ಗೇಟಿನವನು ಶೈಲಶ್ರೀಯ ಫೋನಿನಲ್ಲಿ ಟಿಕೇಟು ನೋಡಿ ಮೂವರ ಕೈಗೂ ಕಾಗದದ ಪಟ್ಟಿ ಸುತ್ತಿದ.

"ದವಾಖಾನ್ಯಾಗ ಕಟ್ಟಿದಂಗ ಕಟ್ಟತಾನಲ್ಲ. ಹಾಡು ಕೇಳಿದ ಮ್ಯಾಲ ಏನರ ಆಗ್ತೈತೇನು?" ಎಂದು ಕೇಳುತ್ತಲೇ ಶಿವಗಂಗವ್ವ ಒಳಗೆ ನಡೆದರು. ನೇರ ಸ್ಟೇಜಿನ ಮುಂದೆ, ಗಿಟಾರು ಡ್ರಮ್ಮುಗಳ ಎದುರಿಗೆ, ಜಮಖಾನೆ ಹಾಸಿ, ನಾಲ್ಕೂ ಮೂಲೆ ಎಳೆದು ನೆಟ್ಟಗೆ ಮಾಡಿ, ಕಾಲು ಮಡಚಿ ಕೂತು, ಪಕ್ಕದಲ್ಲಿ ತಲೆದಿಂಬು ಇಟ್ಟುಕೊಂಡರು.

ಶೈಲಶ್ರೀ ಗೇಟಿನ ಕಡೆ ತಿರುಗಿ ನೋಡಿದಳು. ಇನ್ನು ಸ್ವಲ್ಪ ಹೊತ್ತಿಗೆ ಹರಿದ ಜೀನ್ಸಿನ ಹುಡುಗರು, ಮೂಗಿಗೆ ರಿಂಗು ಹಾಕಿದ ಹುಡುಗಿಯರು ಬರುತ್ತಾರೆ. ನಡುವೆ ಈ ಜಮಖಾನೆ. ಅದರ ಮೇಲೆ ರೊಟ್ಟಿಯ ಗಂಟು. ಇವರ ಜೊತೆ ಕೂತು, "ಕುಂದಗೋಳದ ಶೈಲಶ್ರೀ" ಎಂದು ಕೂಗಿದಾಗ ಎದ್ದು ನಿಲ್ಲುವುದೇ? ಜೀವ ಹೋದರೂ ಇಲ್ಲ. ಅಲ್ಲದೆ ಅವಳ ಬ್ಯಾಗಿನಲ್ಲಿ ಒಂದು ಗುಟ್ಟಿತ್ತು. ಆನ್‌ಲೈನಿನಲ್ಲಿ ತರಿಸಿದ ಬ್ಯಾಂಡಿನ ಕರಿ ಟೀ ಶರ್ಟು. ಎದೆಯ ಮೇಲೆ ಮೂರು ಚಪ್ಪಲಿಯ ಚಿತ್ರ. ಎದೆಯ ಮೇಲೆ ಚಪ್ಪಲಿ ಇಟ್ಟುಕೊಂಡು ಅತ್ತೆಯ ಎದುರು ಮನೆಯಿಂದ ಹೊರಡುವ ಸೊಸೆ ಧಾರವಾಡ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

"ನೀವು ಕುಂತಿರ್ರಿ. ಈಗೇನು ಬರೀ ಸಣ್ಣವರು ಹಾಡ್ತಾರ. ನಾ ಇಲ್ಲೇ ಹೋಗಿ ಬರ್ತೀನಿ" ಅಂದಳು.

"ಸಣ್ಣವರಂತ ಬಿಟ್ಟ ಹೋಗಬಾರದವಾ. ಅವರೂ ಹಾಡಾಕ ಬಂದಿರ್ತಾರ" ಅಂದರು ಶಿವಗಂಗವ್ವ.

ಗೇಟಿನವನು ಕೂಡ, "ಮೇಡಂ, ಇನ್ನೇನು ಶುರುವಾಗುತ್ತೆ, ಎಲ್ಲಿಗೆ ಹೋಗ್ತಾ ಇದೀರಾ?" ಎಂದ. ಶೈಲಶ್ರೀ ಅವನನ್ನು ಕನಿಕರದಿಂದ ನೋಡಿದಳು. ಸಂಗೀತದ ಗಾಳಿ ತಾಗದ ಪ್ರಾಣಿ.

ರಸ್ತೆಯ ಆಚೆ ಒಂದು ಕಾಫಿ ಅಂಗಡಿ. ಅದರ ಬಾತ್‌ರೂಮು ಸೇರಿ ಚಿಲಕ ಹಾಕಿ, ಕುರ್ತಾ ತೆಗೆದು ಗೂಟಕ್ಕೆ ಹಾಕಿ, ಟೀ ಶರ್ಟಿನೊಳಗೆ ತಲೆ ತೂರಿಸಿದಳು. ಎರಡೂ ಕೈ ತೋಳಿನೊಳಗೆ ಹೋದವು. ಅಲ್ಲಿಗೆ ನಿಂತಿತು. ಅಂಗಿ ಮೂಗಿನಿಂದ ಕೆಳಗೆ ಇಳಿಯಲೊಲ್ಲದು, ಮೇಲೆ ತೆಗೆಯಬೇಕೆಂದರೆ ಏರಲೊಲ್ಲದು. ಅಳತೆ ನೋಡಿಯೇ ತರಿಸಿದ್ದಳು, ಆದರೆ ಬೆಂಗಳೂರಿನವರು ಊಟ ಮಾಡಿ ಮಲಗುವ ಜನರ ಅಳತೆಗೆ ಬಟ್ಟೆ ಹೊಲಿಯುವುದಿಲ್ಲವೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಎರಡೂ ಕೈ ಮೇಲಕ್ಕೆ, ಮುಖದ ಮೇಲೆ ಕರಿ ಬಟ್ಟೆ, ಒಳಗೆ ಕತ್ತಲೆ.

ಆಗ ವೆಂಟಿಲೇಟರಿನಿಂದ ರಸ್ತೆಯಾಚೆಯ ಮೈಕಿನ ಶಬ್ದ ಬಂತು. ಬಟ್ಟೆಯೊಳಗಿಂದ ಸರಿಯಾಗಿ ಕೇಳದು. ಯಾರೋ ಯಾರದೋ ಹೆಸರು ಕೂಗಿದಂತಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಯಾರದೋ ಗಾಡಿ ಅಡ್ಡ ನಿಂತಿರಬೇಕು, ತೆಗೆಯಿರಿ ಅನ್ನುತ್ತಿದ್ದಾರೆ ಎಂದುಕೊಂಡಳು. ಊರಿನ ಕಾರ್ಯಕ್ರಮಗಳಲ್ಲಿ ಮೈಕು ಇರುವುದೇ ಅದಕ್ಕೆ.

ಬಳಿಕ ಡ್ರಮ್ಮು ಶುರುವಾಯಿತು. ಅದರ ಹಿಂದೆ ಒಂದು ಹಾಡು, ಹೊದಿಕೆಯೊಳಗೆ ಗೊಣಗಿದಂತೆ.

ತಪ್ಪಿದ ಬಸ್ಸಿನ ಧೂಳಿನ ಹಿಂದೆ
ಕೈ ಎತ್ತಿಕೊಂಡೇ ನಿಂತಿರುವೆ...

ಶೈಲಶ್ರೀ ಕೈ ಎತ್ತಿಕೊಂಡೇ ಕೇಳಿದಳು. ಕೇಳಿ ಸಿಟ್ಟಾದಳು. ನೋಡಿದಿರಾ? ದೊಡ್ಡವರು ಸ್ಟೇಜಿಗೆ ಬರುವ ಮೊದಲೇ ಅವರ ಹಾಡನ್ನು ಈ ಮರಿಗಳು ಹಾಡಿ ಕೆಡಿಸುತ್ತಿದ್ದಾರೆ. ಮರ್ಯಾದೆ ಬೇಡವೇ? ಸೀಮಾ ಒಳಗೆಲ್ಲೋ ಕೂತು ಇದನ್ನು ಕೇಳಿ ಎಷ್ಟು ನೊಂದುಕೊಳ್ಳುತ್ತಿರಬೇಕು! ಹಾಡು ನಡುವೆ ಒಮ್ಮೆ ಗಕ್ಕನೆ ನಿಂತಿತು, ಯಾರೋ ಮೈಕಿನಲ್ಲಿ ಏನೋ ಮಾತಾಡಿದರು, ಮತ್ತೆ ಶುರುವಾಯಿತು. ನಡುವೆ ನಿಂತು ಹೋಗುವ ಹಾಡೂ ಒಂದು ಹಾಡೇ ಎಂದು ಮೂಗು ಮುರಿಯಬೇಕೆಂದರೆ ಮೂಗು ಅಂಗಿಯೊಳಗಿತ್ತು.

ಹೊರಗಿನಿಂದ ಯಾರೋ ಬಾಗಿಲು ಬಡಿದರು. "ಮೇಡಂ, ಒಳಗೆ ಎಲ್ಲಾ ಸರಿಯಾಗಿದೆಯಾ?"

"ಸರಿ ಐತಿ. ಅಂಗಿ ಅಷ್ಟ ಸರಿ ಇಲ್ಲ."

ಮೊಣಕೈಯಿಂದ ಚಿಲಕ ತೆಗೆದ ಮೇಲೆ ಕಾಫಿ ಅಂಗಡಿಯ ಹುಡುಗಿ ಒಳಗೆ ಬಂದು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಬಗಲಿನಿಂದ ಸೊಂಟದವರೆಗೆ ಪರ್ ಎಂದು ಹೊಲಿಗೆ ಬಿಚ್ಚಿ, ಅಂಗಿ ಕೆಳಗಿಳಿಯಿತು. ಶೈಲಶ್ರೀ ಬಳೆಗಳಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನೆಲ್ಲ ತೆಗೆದು ಬಗಲುದ್ದಕ್ಕೂ ಚುಚ್ಚಿಕೊಂಡಳು. ಕೈ ಎತ್ತಿದರೆ ಚುಚ್ಚುತ್ತಿತ್ತು. ಇರಲಿ, ಎತ್ತುವುದು ಒಂದೇ ಸಲ ತಾನೆ, ಹೆಸರು ಕೂಗಿದಾಗ. ಆಮೇಲೆ ಕಣ್ಣಿಗೆ ಕಪ್ಪು ತೀಡಿ, ಕೂದಲು ಬಿಚ್ಚಿ ಹರವಿ, ಕಾಫಿ ತರಿಸಿ ಗುಟುಕು ಗುಟುಕಾಗಿ ಕುಡಿದಳು. ಅವಸರ ಏನಿದೆ? ದೊಡ್ಡವರಿಗೆ ಇನ್ನೂ ಹೊತ್ತಿದೆ.

ಅವಳು ಮತ್ತೆ ಗೇಟು ಹೊಕ್ಕಾಗ ಷೆಡ್ಡಿನಲ್ಲಿ ಜನ ತುಂಬುತ್ತಿದ್ದರು. ಎದೆಯುಬ್ಬಿಸಿ, ಮೂರೂ ಚಪ್ಪಲಿ ಎಲ್ಲರಿಗೂ ಕಾಣುವಂತೆ, ಬಗಲಿನ ಪಿನ್ನು ಕಾಣದಂತೆ ಕೈ ಒತ್ತಿಕೊಂಡು ಮುಂದೆ ನಡೆದಳು. ಜಮಖಾನೆಯಿಂದ ದೂರ, ಬಲಗಡೆಯ ಕಂಬದ ಹತ್ತಿರ ಗೊತ್ತಿಲ್ಲದವರಂತೆ ನಿಲ್ಲುವ ಯೋಚನೆ. ಆದರೂ ಕಣ್ಣು ಜಮಖಾನೆಯ ಕಡೆ ಹೋಯಿತು.

ಜಮಖಾನೆಯ ಮೇಲೆ ನಡುವೆ ಶಿವಗಂಗವ್ವ. ಸುತ್ತ ನಾಲ್ಕು ಹುಡುಗ ಹುಡುಗಿಯರು ಕಾಲು ಮಡಚಿ ಕೂತು ರೊಟ್ಟಿ ಮುರಿಯುತ್ತಿದ್ದರು. ಒಬ್ಬ ಚಟ್ನಿಗೆ ಮೊಸರು ಕಲಸುತ್ತಿದ್ದ. ಒಬ್ಬಳ ಹೆಗಲ ಮೇಲೆ ಕುಪ್ಪಸ ಹೊಲಿಸುವ ಇಳಕಲ್ಲಿನ ಒಂದು ಖಣ. ಶೈಲಶ್ರೀಗೆ ಆ ಖಣದ ಪರಿಚಯವಿತ್ತು. ಅದು ಅವಳದೇ ಟ್ರಂಕಿನಲ್ಲಿದ್ದ ಖಣ. ಆ ಮುಖದ ಪರಿಚಯವೂ ಇತ್ತು. ಫೋನಿನಲ್ಲಿ ದಿನಾ ನೋಡುತ್ತಿದ್ದ ಮುಖ.

ಸೀಮಾ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ, "ಅಯ್ಯೋ, ನಮ್ಮ ಟೀ ಶರ್ಟ್ ಹಾಕ್ಕೊಂಡಿದ್ದಾರೆ! ಇದನ್ನ ನಿಜವಾಗ್ಲೂ ಯಾರೋ ಕೊಂಡ್ಕೊಂಡಿದ್ದಾರೆ ಕಣ್ರೋ" ಅಂದಳು.

"ಇಕೀನ ನಮ್ಮ ಸೊಸಿ" ಅಂದರು ಶಿವಗಂಗವ್ವ. ಟೀ ಶರ್ಟನ್ನು ಮೇಲಿಂದ ಕೆಳಗೆ ನೋಡಿದರು. ಎದೆಯ ಮೇಲಿನ ಚಪ್ಪಲಿಯ ಬಗ್ಗೆ ಏನೂ ಅನ್ನಲಿಲ್ಲ. "ಎಲ್ಲಿ ಹೋಗಿದ್ದಿ ಶೈಲಾ? ಈ ಹುಡುಗರು ಭಾಳ ಚಲೋ ಹಾಡಿದ್ರು."

"ಹಾಡಿದ್ರು?" ಶೈಲಶ್ರೀ ಖಾಲಿ ಸ್ಟೇಜಿನ ಕಡೆ ನೋಡಿದಳು. "ಇವರದು ಕಡೀಕ ಅಲ್ಲೇನು?"

ಸೀಮಾ ನಕ್ಕಳು. "ಅಕ್ಕಾ, ನಾವು ಕಡೆಗೆ ಹಾಡೋಷ್ಟು ದೊಡ್ಡವರಲ್ಲ. ನಮಗೆ ಅರ್ಧ ಗಂಟೆ ಕೊಡ್ತಾರೆ, ಜನ ಬರೋಕೆ ಮುಂಚೆ. ಅದಕ್ಕೇ ಬೇಗ ಬನ್ನಿ ಅಂದಿದ್ದು. ಇವತ್ತು ನಮ್ಮನ್ನ ಕೇಳಿದವರು ಅಮ್ಮ ಒಬ್ಬರೇ. ಅಂಕಲ್ ಸ್ಪೀಕರ್ ಹಿಂದೆ ಇದ್ರು."

ಅಂಕಲ್ ಈಗ ಸ್ಪೀಕರಿನ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಬಂದ. "ನಿನ್ನ ಹೆಸರು ಕೂಗಿದ್ರು ನೋಡು. ಮೈಕಿನಾಗ. ಎರಡು ಸಲ. ಅಗದಿ ಸ್ವಚ್ಛ ಕೇಳಿಸ್ತು. ಸ್ಪೀಕರ್ ಭಾರಿ ಅದಾವ."

"ನಾ ಕೈ ಎತ್ತಿದೆ" ಅಂದರು ಶಿವಗಂಗವ್ವ. "ಕರದಾಗ ಯಾರೂ ಓ ಅನ್ನಲಿಲ್ಲಂದ್ರ ಪಾಪ ಹುಡುಗಿಗೆ ಹೆಂಗ ಅನಸಬಾರದು? ನಮ್ಮ ಸೊಸೀರಿ, ಇಲ್ಲೇ ಹೋಗ್ಯಾಳ, ನೀವು ಹಾಡ್ರಿ ಅಂದೆ. ನಡುವ ನಿಲ್ಲಿಸಿ, ನಿನ್ನ ಟ್ರಂಕಿನಾಗಿಂದ ತಂದಿದ್ದ ಖಣ ಹೊದಿಸಿ, ನಿನ್ನ ಹೆಸರಲೆ ಒಂದು ಆಯೇರಿನೂ ಮಾಡಿದೆ. ಬರಗೈಲೆ ಗಾಯನ ಕೇಳಬಾರದು."

ಹಾಡಿನ ನಡುವೆ ಸ್ಟೇಜು ಹತ್ತಿ ಗಾಯಕರಿಗೆ ಬಟ್ಟೆ ಹೊದಿಸಿ, ಇಂಥವರ ಕಡೆಯಿಂದ ಆಯೇರಿ ಎಂದು ಮೈಕಿನಲ್ಲಿ ಸಾರುವ ರೂಢಿ ಊರಿನ ನಾಟಕ, ಭಜನೆಗಳಲ್ಲಿ ಉಂಟು. ಹಾಡು ನಿಂತದ್ದು ಅದಕ್ಕೆ. ನಿಲ್ಲಿಸಿದ್ದು ತನ್ನ ಅತ್ತೆ. ಹೊದಿಸಿದ್ದು ತನ್ನ ಖಣ. ಹೆಸರು ತನ್ನದು, ಹಾಡು ತನ್ನದು. ಅಂಗಿಯೊಳಗೆ ಸಿಕ್ಕುಬಿದ್ದದ್ದೂ ತಾನೇ. ಶೈಲಶ್ರೀಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಕೂರಲು ಹೋದರೆ ಪಿನ್ನು ಚುಚ್ಚಿತು.

"ರೆಕಾರ್ಡ್ ಮಾಡೀನಿ ತಡಿ" ಅಂದ ಹೇಮಂತ.

ಗಂಡನ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಬಂತು. ಫೋನು ಕಿತ್ತುಕೊಂಡು ನೋಡಿದಳು. ವಿಡಿಯೋದ ತುಂಬ ಒಂದು ಸ್ಪೀಕರಿನ ಬೆನ್ನು. ಕೆಂಪು ವೈರು, ಕರಿ ವೈರು, ಒಂದು ಸಣ್ಣ ಫ್ಯಾನು. ಸೀಮಾಳ ದನಿ ಕೇಳಿತು: "ಕುಂದಗೋಳದ ಶೈಲಶ್ರೀ ಅವರು ಬಂದಿದ್ದಾರಾ? ಈ ಹಾಡು..." ಅದರ ಮೇಲೆ ಹೇಮಂತನ ದನಿ, ಫೋನಿಗೆ ಬಾಯಿ ಹಚ್ಚಿದಂತೆ: "ಅಣ್ಣಾರ, ಇದು ಎಷ್ಟು ವ್ಯಾಟ್‌ದ ಐತ್ರಿ?" ಅಲ್ಲಿಂದ ಮುಂದೆ ಹಾಡು ಮುಗಿಯುವವರೆಗೂ ಇಬ್ಬರು ಗಂಡಸರ ನಡುವೆ ವಯರಿಂಗಿನ ಚರ್ಚೆ. ಪ್ರೀತಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

"ಇನ್ನೊಮ್ಮೆ ಹಾಡ್ತೀರೇನವಾ? ಅಷ್ಟ ದೂರದಿಂದ ಬಂದೀನಿ" ಎಂದು ನಾಚಿಕೆ ಬಿಟ್ಟು ಕೇಳಿದಳು ಶೈಲಶ್ರೀ.

ಸೀಮಾ ಒಳ್ಳೆಯ ಹುಡುಗಿ. ಸ್ಟೇಜು ಇನ್ನು ಸಿಗುವುದಿಲ್ಲ, ಮೈಕು ಇಲ್ಲ, ಆದರೆ ಈ ಜಮಖಾನೆ ಇದೆಯಲ್ಲ ಅಂದಳು. ಕೈಯ ಚಟ್ನಿ ಒರೆಸಿಕೊಂಡು, ಗಿಟಾರು ತೊಡೆಯ ಮೇಲೆ ಇಟ್ಟುಕೊಂಡು, ನೇರ ಶೈಲಶ್ರೀಯ ಎದುರು ತಿರುಗಿ ಕೂತಳು. "ಕುಂದಗೋಳದ ಶೈಲಶ್ರೀ ಅಕ್ಕನಿಗೆ" ಅಂದಳು. ಪಿನ್ನು ಚುಚ್ಚಿದರೂ ಶೈಲಶ್ರೀ ಎದುರಿಗೆ ಕೂತಳು. ಸೀಮಾ ಕಣ್ಣು ಮುಚ್ಚಿ ಬಾಯಿ ತೆರೆದಳು.

ಅದೇ ಕ್ಷಣಕ್ಕೆ ಸ್ಟೇಜಿನ ಮೇಲೆ ಎರಡನೆಯ ಬ್ಯಾಂಡಿನವರು ಡ್ರಮ್ಮು ಪರೀಕ್ಷೆ ಮಾಡಲು ಶುರು ಮಾಡಿದರು. ಧಡ್. ಧಡ್. ಧಡ್. ಆಮೇಲೆ ಒಬ್ಬ ಗಿಟಾರಿನಿಂದ ಮೋಟರು ಸುಡುವ ಶಬ್ದ ಹೊರಡಿಸಿದ. ಹೇಮಂತ ಕೂಡ ಬೆಚ್ಚಿ ಆ ಕಡೆ ನೋಡಿದ. ಸೀಮಾ ಹಾಡುತ್ತಲೇ ಇದ್ದಳು. ತುಟಿ ಆಡುತ್ತಿದ್ದವು, ಬೆರಳು ಆಡುತ್ತಿದ್ದವು, ಕುತ್ತಿಗೆಯ ನರ ಎದ್ದಿತ್ತು. ಒಂದು ಅಕ್ಷರವೂ ಕೇಳಲಿಲ್ಲ. ಶೈಲಶ್ರೀ ಒಂದು ಕೈಯಳತೆಯ ದೂರದಲ್ಲಿ ಕೂತು ತನ್ನ ಹಾಡನ್ನು ಕಣ್ಣಿನಿಂದ ಪೂರ್ತಿ ನೋಡಿದಳು. ಅತ್ತೆ ಮಾತ್ರ ಸರಿಯಾದ ಜಾಗಗಳಲ್ಲೆಲ್ಲ ಕೈ ಎತ್ತಿ ವ್ಹಾ ಅಂದರು.

"ನಿಮಗ ಕೇಳಸ್ತೇನ್ರಿ?" ಎಂದು ಶೈಲಶ್ರೀ ಅತ್ತೆಯ ಕಿವಿಯಲ್ಲಿ ಕೂಗಿದಳು.

"ಒಮ್ಮೆ ಕೇಳೀನಲ್ಲ" ಎಂದು ಶಿವಗಂಗವ್ವ ತಿರುಗಿ ಕೂಗಿದರು.

ಮುಂದೆ ದೊಡ್ಡ ಅಕ್ಷರದ ಎರಡು ಬ್ಯಾಂಡುಗಳು ಹಾಡಿದವು. ಏನು ಹಾಡಿದವೆಂದು ಶೈಲಶ್ರೀಯನ್ನು ಕೇಳಬೇಡಿ. ಆ ರಾತ್ರಿ ಲಾಡ್ಜಿನಲ್ಲಿ ಅವಳಿಗೆ ಕಣ್ಣು ಹತ್ತಲಿಲ್ಲ. ತಪ್ಪು ಯಾರದು ಎಂದು ಲೆಕ್ಕ ಹಾಕಿ ಹಾಕಿ, ಮೊದಲು ಗಂಡ, ಬಳಿಕ ಅತ್ತೆ, ಬಳಿಕ ಟೀ ಶರ್ಟು ಹೊಲಿದವನು, ಎಲ್ಲರ ಮೇಲೂ ಹಾಕಿ ನೋಡಿದಳು. ಪ್ರತಿ ಸಲವೂ ಅದು ಸುತ್ತಿ ಬಂದು ಅವಳ ಮಂಚದ ಮೇಲೆಯೇ ಕೂರುತ್ತಿತ್ತು.

ಮರುದಿನ ಊರಿಗೆ ಮರಳುವ ರೈಲು. ಕುರ್ತಾ ತೊಟ್ಟು, ಮುಖ ಊದಿಸಿಕೊಂಡು ಕೂತ ಸೊಸೆಯನ್ನು ತುಮಕೂರು ದಾಟಿ ಮುಕ್ಕಾಲು ದಾರಿ ಕಳೆಯುವವರೆಗೆ ನೋಡಿದ ಶಿವಗಂಗವ್ವ, "ಅದ್ಯಾಕ ಅಷ್ಟ ಮಾರಿ ಮಾಡ್ತಿ? ಆ ಹಾಡು ನನಗ ಪೂರಾ ಬಾಯಿಗೆ ಬಂದೈತಿ. ನಾ ಹಾಡ್ತೀನಿ, ಕೇಳು" ಅಂದರು.

"ನೀವ್ರೀ?"

"ಯಾಕ, ನಿನ್ನ ಹೆಸರಲೆ ಹಾಡೂದು ಎರಡ ಸಲ ಕೇಳೀನಿ. ಒಂದು ಕಿವೀಲೆ, ಒಂದು ಕಣ್ಣೀಲೆ."

ಬೇಡ ಅನ್ನುವ ಧೈರ್ಯ ಶೈಲಶ್ರೀಗೆ ಇರಲಿಲ್ಲ. ಬೇಕು ಅನ್ನಿಸಿದ್ದೂ ಸುಳ್ಳಲ್ಲ. ಹಾಡು ಕೇಳದೆ ಊರಿಗೆ ಹೋಗಿ ರಜಿಯಾಬೇಗಂ ಟೀಚರಿಗೆ ಏನು ಹೇಳುವುದು? ಯಾರ ಬಾಯಿಂದ ಬಂದರೇನು, ಈ ಹಾಡು ಒಮ್ಮೆಯಾದರೂ, ಎದುರಿಗೆ ಕೂತು, ಮೊದಲಿನಿಂದ ಕೊನೆಯವರೆಗೆ ಕೇಳಬೇಕಿತ್ತು ಅವಳಿಗೆ. ಇಯರ್ ಫೋನು ತೆಗೆದು ಬ್ಯಾಗಿನಲ್ಲಿ ಇಟ್ಟಳು. ತಲೆದಿಂಬು ಕಿಟಕಿಗೆ ಆನಿಸಿ, ಚೆನ್ನಾಗಿ ಕೇಳಿಸಲಿ ಎಂದು ಕಣ್ಣು ಮುಚ್ಚಿದಳು.

ಶಿವಗಂಗವ್ವ ಗಂಟಲು ಸರಿಮಾಡಿಕೊಂಡು, ಕುಂದಗೋಳದವರಿಗೆ ತಕ್ಕಂತೆ ಮೊದಲು ಆಲಾಪ ಎತ್ತಿಕೊಂಡರು. ನಿಧಾನ, ಬಹಳ ನಿಧಾನ. ರೈಲಿನ ತೂಗು ಅದಕ್ಕೆ ತಾಳ ಹಾಕಿತು. ಹಳೆಯ ದನಿ, ನಡುವೆ ಒಡೆಯುವ ದನಿ, ಆದರೆ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತಿತ್ತು. ಶೈಲಶ್ರೀಯ ಸಿಟ್ಟು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಚೆನ್ನಾಗಿದೆ ಅಂದುಕೊಂಡಳು. ಇನ್ನೇನು ಮಾತು ಬರುತ್ತದೆ, 'ತಪ್ಪಿದ ಬಸ್ಸಿನ' ಎಂದು ಬರುತ್ತದೆ ಅಂದುಕೊಂಡಳು.

ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತು. ಬೋಗಿಯ ಮಂದಿಯೆಲ್ಲ ಅತ್ತೆಯ ಕಡೆ ತಿರುಗಿ ಕೂತಿದ್ದರು. ಎದುರಿನ ಸೀಟಿನ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸ್ಪೀಕರಿನ ಹೊರತು ಯಾವುದಕ್ಕೂ ಬೆರಗಾಗದ ಹೇಮಂತ ಕೂಡ ಬಾಯಿ ತೆರೆದುಕೊಂಡು ತಾಯಿಯನ್ನು ನೋಡುತ್ತಿದ್ದ. ಕಿಟಕಿಯ ಹೊರಗೆ ಹಾವೇರಿಯ ಹಳದಿ ಫಲಕ ಹಿಂದೆ ಸರಿಯುತ್ತಿತ್ತು.

"ಅತ್ತೀ," ಶೈಲಶ್ರೀ ಬಾಯಿಯ ಮೂಲೆ ಒರೆಸಿಕೊಂಡು ಮೆಲ್ಲಗೆ ಕೇಳಿದಳು. "ಹಾಡು ಮುಗೀತೇನ್ರಿ?"

ಶಿವಗಂಗವ್ವ ಅವಳ ಬೆನ್ನ ಹಿಂದಿನಿಂದ ತಲೆದಿಂಬನ್ನು ಎಳೆದು, ಕೊಡವಿ, ಗಂಟಿನೊಳಗೆ ತುರುಕಿದರು.

"ದೊಡ್ಡವರು ಕಡೀಕ ಹಾಡ್ತಾರಂತ ನೀನ ಹೇಳಿದ್ದೆವಾ. ನಾ ಹಾಡಿದೆ. ನೀ ಮತ್ತ ಮಲಗಿದಿ."